‘ಚೀಟಿ ಎಲ್ಲಿ?’ ಎಂದು ಕೇಳುತ್ತಿದ್ದವರು

ಅವರ ಬಲಗೈ ಹೆಬ್ಬೆರಳಿನ ಉಗುರು ನಟ್ಟನಡುವೆ ಸೀಳಿತ್ತು. ಯಾವ ಕಾಲದಲ್ಲೋ ಒರಳುಗುಂಡು ಬಿದ್ದು ಸೀಳಿದ್ದು, ಮತ್ತೆ ಕೂಡಿಕೊಳ್ಳಲೇ ಇಲ್ಲ. ದಪ್ಪಗೆ, ಹಳದಿಗೆ ತಿರುಗಿ, ಸಣ್ಣ ಚಮಚದ ಹಾಗೆ ಬಾಗಿದ್ದ ಆ ಉಗುರಿನಿಂದಲೇ ಹುಣಸೆಹಣ್ಣಿನ ನಾರು ತೆಗೆಯುವುದು, ವೀಳ್ಯದೆಲೆಯ ತೊಟ್ಟು ಚಿವುಟುವುದು, ವಿಭೂತಿ ಪೊಟ್ಟಣದ ಮಡಿಕೆ ಒತ್ತುವುದು. ಎಟಿಎಂ ಚೀಟಿಯ ಮೇಲೆ ಗೆರೆ ಎಳೆಯುವುದೂ ಅದರಿಂದಲೇ. ಆ ನುಣುಪು ಕಾಗದಕ್ಕೆ ಪೆನ್ನು ಬೇಡ. ಉಗುರಿನಿಂದ ಬಿರುಸಾಗಿ ಗೀರಿದರೆ ತಾನಾಗಿ ಕಪ್ಪು ಗೆರೆ ಮೂಡುತ್ತದೆ. ಅದನ್ನು ನನಗೆ ತೋರಿಸಿಕೊಟ್ಟವರು ಅವರೇ.

ಪಕ್ಕದ ಮನೆಯ ದೊಡ್ಡಮ್ಮ. ಸಂಬಂಧದಲ್ಲಿ ನನಗೆ ಏನೂ ಆಗಬೇಕಿರಲಿಲ್ಲ. ಅವರ ಯಜಮಾನರು ತಿ. ನರಸೀಪುರದಲ್ಲಿ ಸರ್ಕಾರಿ ಶಾಲೆಯ ಮೇಷ್ಟ್ರಾಗಿದ್ದವರು. ಮಕ್ಕಳಿರಲಿಲ್ಲ. ಯಜಮಾನರು ಹೋದ ಮೇಲೆ ನಂಜನಗೂಡಿಗೆ, ತಮ್ಮನ ಮನೆಗೆ ಬಂದರು. ಮೇಷ್ಟ್ರ ಪಿಂಚಣಿ ಮಾತ್ರ ನರಸೀಪುರದ ಖಾತೆಗೇ ಬೀಳುತ್ತಿತ್ತು. ತಮ್ಮನ ಮನೆಯ ಅನ್ನವನ್ನು ಅವರು ಒಂದು ದಿನವೂ ಬಿಟ್ಟಿ ಉಣ್ಣಲಿಲ್ಲ. ತಿಂಗಳು ಹುಟ್ಟಿದರೆ ತಮ್ಮನ ಕೈಗೆ ಖರ್ಚಿಗೆ ಕೊಟ್ಟು, ತಮ್ಮ ಬಿ.ಪಿ. ಮಾತ್ರೆ ತಾವೇ ತಂದುಕೊಂಡು, ಉಳಿದದ್ದರಲ್ಲಿ ಸೋಮವಾರದ ಅಭಿಷೇಕಕ್ಕೆ ಹಾಲು ಕೊಡುತ್ತಿದ್ದರು. ಯಾರ ಮುಂದೆಯೂ ಕೈಚಾಚಬಾರದು, ಅವರ ಹಟ ಅಷ್ಟೇ. ಅದಷ್ಟನ್ನೂ ಕಿತ್ತುಕೊಳ್ಳಲು ನೋಡಿದರಲ್ಲ, ಅದನ್ನು ನೆನೆದರೆ ದೇವರ ಮುಂದೆ ಕೂತಾಗಲೂ ನನಗೆ ಮೈ ಉರಿಯುತ್ತದೆ. ಸ್ವಾಮಿ ಕ್ಷಮಿಸಲಿ.

ಪಿಂಚಣಿ ಬಿದ್ದ ವಾರ ಕಾಂಪೌಂಡ್ ಗೋಡೆಯಾಚೆಯಿಂದ ಕೂಗು ಬರುತ್ತಿತ್ತು. “ಅಮ್ಮಿ, ಮಿಷನ್ ತಾವ ಓಗ್ಬುಟ್ ಬರಾನ, ಬಾ.” ಇಬ್ಬರೂ ಹೋಗುತ್ತಿದ್ದೆವು. ಕಾರ್ಡು ತೂರಿಸಿದ ಕೂಡಲೇ ನನಗೆ ಅಪ್ಪಣೆ: “ಆ ಕಡೆ ತಿರಿಕ್ಕೊ.” ನಾನು ಗೋಡೆ ನೋಡುತ್ತಾ ನಿಲ್ಲಬೇಕು. ಮೊದಲ ಸಲ ನನಗೆ ಬೇಜಾರಾಗಿತ್ತು.

“ಯಾಕ್ ದೊಡ್ಡಮ್ಮ, ನಾನೇನ್ ಕಳ್ಳಿನಾ?” ಅಂದಿದ್ದೆ.

“ನೀನ್ ಕಳ್ಳಿ ಅಂತಲ್ಲ ಕಣಮ್ಮಿ. ನಾಳೀಕ್ ಯಾರೂ ನಿನ್ ಮ್ಯಾಲೆ ಬೊಟ್ ಮಾಡ್ಬಾರ್ದು ಅಂತ.”

ಆಗ ನನಗೆ ಅದು ಮುದುಕಿಯ ಜಾಣತನದ ಮಾತು ಅನ್ನಿಸಿತ್ತು, ಅಷ್ಟೇ.

ಯಂತ್ರ ರಸೀದಿ ಬೇಕೇ ಎಂದು ಕೇಳಿದರೆ ಬೇಕು ಎಂದೇ ಒತ್ತುತ್ತಿದ್ದರು. ಚೀಟಿಯನ್ನು ಬೆಳಕಿಗೆ ಹಿಡಿದು, ತೆಗೆದದ್ದೆಷ್ಟು, ಉಳಿದದ್ದೆಷ್ಟು ನೋಡಿ, ಉಳಿದದ್ದರ ಕೆಳಗೆ ಉಗುರು ಗೀರಿ ಸೊಂಟಕ್ಕೆ ಸಿಕ್ಕಿಸಿಕೊಂಡರೆ ಮನೆಗೆ ಬಂದು ದೇವರಗೂಡಿನ ವಿಭೂತಿ ಡಬ್ಬಿಗೆ. ಬಿಸಿಲಿಗೆ ಇಟ್ಟರೆ ಅಕ್ಷರ ಮಾಸಿಹೋಗುತ್ತದೆ, ಒಲೆ ಹತ್ತಿರ ಇಟ್ಟರೆ ಕಾಗದವೇ ಕಪ್ಪಾಗುತ್ತದೆ ಎಂದು ಆ ಜಾಗ. ಪಾಸ್‌ಬುಕ್ಕಿಗೆ ಎಂಟ್ರಿ ಬಿದ್ದ ಮೇಲೆ ಹಂಡೆ ಒಲೆಗೆ. “ಓದು, ತಾಳೆ ನೋಡು, ಒಲೆಗ್ ಆಕು” ಎನ್ನುವುದು ಅವರ ಮಾತು. ಚೀಟಿಯನ್ನು ಅಲ್ಲೇ ಬಿಸಾಕಿ ಹೋಗುವವರನ್ನು ಕಂಡರೆ ಆಗುತ್ತಿರಲಿಲ್ಲ. ಬಸ್ ಸ್ಟ್ಯಾಂಡ್ ಹತ್ತಿರದ ಆ ಎಟಿಎಂ ಗೂಡಿನಲ್ಲಿ ಕಸದ ಬುಟ್ಟಿ ತುಂಬಿ, ಕಾಲಿಗೆಲ್ಲ ಚೀಟಿ ತೊಡರುತ್ತಿತ್ತು. “ನೋಡು, ಮನೆ ಒಳಗಿನ್ ಮಾತ್ನೆಲ್ಲ ಬೀದಿಗ್ ಚೆಲ್ಲವ್ರೆ” ಎನ್ನುತ್ತಿದ್ದರು.

ಇಂಥ ದೊಡ್ಡಮ್ಮನಿಂದಲೇ ಒಂದು ತಪ್ಪಾಯಿತು. ಸೋಮವಾರ ವಿಭೂತಿ ಡಬ್ಬಿಯನ್ನೂ ಹಿಡಿದುಕೊಂಡು ದೇವಸ್ಥಾನಕ್ಕೆ ಹೋದಾಗ ಪರಿಚಯದವರು ಸಿಕ್ಕರೆ ಒಂದು ಚಿಟಿಕೆ ವಿಭೂತಿ ಪೊಟ್ಟಣ ಕಟ್ಟಿ ಕೊಡುವುದು ಅವರ ಪದ್ಧತಿ. ಅವತ್ತು ಮಡಿಲಲ್ಲಿದ್ದ ಕಾಗದದ ಚೂರುಗಳು ಮುಗಿದಿದ್ದವು. ಡಬ್ಬಿಯೊಳಗೆ ಒಂದು ಚೀಟಿ ಸಿಕ್ಕಿತು. ಅಳತೆಗೆ ಸರಿಯಾಗಿತ್ತು. ಅದರಲ್ಲೇ ಮಡಿಸಿ, ಉಗುರಿನಿಂದ ಒತ್ತಿ, ಕವಲಂದೆಯಿಂದ ಬಂದಿದ್ದ ಹೆಂಗಸೊಬ್ಬರ ಕೈಗಿಟ್ಟರು. ಆಕೆ ದೊಡ್ಡಮ್ಮನ ತಮ್ಮನ ಹೆಂಡತಿಗೆ ನೆಂಟರು. ಮನೆಗೆ ಹೋಗಿ ಪೊಟ್ಟಣ ಬಿಚ್ಚಿ, ವಿಭೂತಿ ಹಣೆಗಿಟ್ಟುಕೊಂಡು, ಕಾಗದವನ್ನು ಓದಿದ್ದಾರೆ. ಮರುವಾರವೇ ಕೈಸಾಲ ಕೇಳಿಕೊಂಡು ಬಂದರು. ಇಲ್ಲ ಅಂದದ್ದಕ್ಕೆ, “ಅಷ್ಟೊಂದು ಮಡೀಕಂಡು ಇಲ್ಲ ಅಂತೀರಲ್ಲ” ಎಂದು ಜಗಲಿಯ ಮೇಲೆ ನಿಂತು ಮೊತ್ತವನ್ನೇ ಹೇಳಿಬಿಟ್ಟರು. ಇಡೀ ಬೀದಿಗೆ ಗೊತ್ತಾಯಿತು.

ಇದೇ ಸಾಕಾಯಿತು ತಮ್ಮನ ಮಗನಿಗೆ. ಮದುವೆಯಾಗದ, ಹೊಸ ಬೈಕಿನ ಕಂತು ಕಟ್ಟುತ್ತಿದ್ದ ಗಂಡು. ದೊಡ್ಡಮ್ಮನ ಮುಂದೆ ನಿಂತು ಪಾಠ ಮಾಡಿದ:

“ಅತ್ತೆ, ನಿಮ್ಗೆ ಸೇಫ್ಟಿ ಅಂದ್ರೆ ಗೊತ್ತಾಗಲ್ಲ. ಚೀಟೀಲಿ ಬ್ಯಾಲೆನ್ಸ್ ಇರ್ತದೆ, ಕಾರ್ಡ್ ನಂಬ್ರದ್ ಕಡೇವ್ ನಾಕು ಇರ್ತವೆ. ಕಳ್ಳರ ಕೈಗ್ ಸಿಕ್ರೆ ಬ್ಯಾಂಕಿಂದ ಅಂತ ಫೋನ್ ಮಾಡಿ, ಅದ್ನೇ ಓದಿ ಹೇಳ್ತಾರೆ. ನೀವ್ ನಂಬ್ಕೊಂಡು ಮಿಕ್ಕಿದ್ದೂ ಹೇಳ್ಬುಡ್ತೀರ. ಇನ್ಮ್ಯಾಕೆ ನಾನೇ ತಂದ್ಕೊಡ್ತೀನಿ. ಚೀಟಿ ಗೀಟಿ ಬ್ಯಾಡವೇ ಬ್ಯಾಡ.”

ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ನನಗೆ ಹೊಟ್ಟೆ ಉರಿಯುವುದು ಅದಕ್ಕೇ. ನಿಜವನ್ನೇ ಹೇಳಿ ಒಬ್ಬರ ಬಾಯಿ ಕಟ್ಟುವುದಿದೆಯಲ್ಲ, ಅದಕ್ಕಿಂತ ಕೆಟ್ಟ ಕೆಲಸವಿಲ್ಲ. ದೊಡ್ಡಮ್ಮ “ತಪ್ ನಂದೇ” ಎಂದು ಕಾರ್ಡು ಕೊಟ್ಟರು, ಪಿನ್ ನಂಬರನ್ನೂ ಹೇಳಿದರು.

ಆಮೇಲೆ ಪ್ರತಿ ತಿಂಗಳೂ ಅವನು ಐದು ಸಾವಿರ ತಂದು ಕೈಗಿಡುವುದು, ಅವರು ಎಣಿಸದೆ “ಚೀಟಿ ಎಲ್ಲಿ?” ಎನ್ನುವುದು. ಒಂದು ತಿಂಗಳು ಮಿಷನ್ನಿನಲ್ಲಿ ಪೇಪರ್ ಖಾಲಿ. ಇನ್ನೊಂದು ತಿಂಗಳು ಗಾಳಿಗೆ ಹಾರಿಹೋಯಿತು. ಮತ್ತೊಂದು ತಿಂಗಳು, ಕಾಗದಕ್ಕೆ ಮರ ಕಡಿಯುತ್ತಾರಂತೆ, ಪಾಪ ಇವನಿಗೆ ಮರದ ಮೇಲೆ ಮರುಕ! ಪಾಸ್‌ಬುಕ್ಕಿಗೆ ಎಂಟ್ರಿ ಹಾಕಿಸಿಕೊಂಡು ಬಾ ಎಂದರೆ ಇಲ್ಲಿನ ಬ್ಯಾಂಕಿನ ಯಂತ್ರ ಕೆಟ್ಟಿದೆ ಎನ್ನುತ್ತಿದ್ದ. ಅದೇನೋ ನಿಜ, ‘ಕೆಟ್ಟಿದೆ’ ಎಂಬ ಬೋರ್ಡಿನ ಮೇಲೆ ಧೂಳು ಕೂತಿದ್ದನ್ನು ನಾನೇ ನೋಡಿದ್ದೆ.

ಕೊನೆಗೊಂದು ತಿಂಗಳು ದೊಡ್ಡಮ್ಮ ಹಣ ಮುಟ್ಟಲಿಲ್ಲ. ನೋಟುಗಳನ್ನು ಜಗಲಿಯ ಮೇಲಿಟ್ಟು, ಹಾರದಂತೆ ಹಿತ್ತಾಳೆ ಚೊಂಬು ಹೇರಿ, “ಚೀಟಿ ತತ್ತಾ, ಆಮ್ಯಾಕ್ ಎತ್ಕತೀನಿ” ಎಂದು ಕಂಬಕ್ಕೆ ಒರಗಿ ಕೂತರು. ಹೋಗಿ ಬರುವವರೆಲ್ಲ ನೋಡಿದರು. ತಮ್ಮನ ಹೆಂಡತಿ ಒಳಗಿನಿಂದ, “ಮನೆ ಮಾನ ತೆಗೀತಾವ್ರೆ” ಎಂದು ಪಾತ್ರೆ ಕುಕ್ಕಿದರು.

ಮುಂದಿನ ತಿಂಗಳು ಚೀಟಿ ಬಂತು! ನಾನು ಹೆಪ್ಪಿಗೆ ಮಜ್ಜಿಗೆ ಕೇಳಲು ಹೋಗಿದ್ದೆ. ಅವನು ನೋಟು, ಚೀಟಿ ಎರಡನ್ನೂ ಗತ್ತಿನಿಂದ ಮುಂದಿಟ್ಟ. ದೊಡ್ಡಮ್ಮ ಕನ್ನಡಕ ಹಾಕಿಕೊಂಡು ಬಾಗಿಲಿಗೆ ಬಂದು, ಬೆಳಕಿಗೆ ಹಿಡಿದರು. ಹೆಬ್ಬೆರಳು ಮೊತ್ತದ ಹತ್ತಿರ ಹೋಗಲೇ ಇಲ್ಲ. ಕಾರ್ಡಿನ ಕಡೆಯ ನಾಲ್ಕು ಅಂಕಿಯ ಕೆಳಗೆ ಬಂದು ನಿಂತು, ಗೆರೆ ಎಳೆಯಿತು.

“ಇದ್ಯಾರ್ ಚೀಟಿನಪ್ಪ?”

“ನಿಮ್ದೇ ಅತ್ತೆ.”

“ನನ್ ಕಾರ್ಡ್ ನಂಬ್ರ ನಂಗ್ ಗೊತ್ತು ಕಣ್ಲಾ.”

“ಮಿಷನ್ ತಪ್ ಹೊಡ್ದಿರ್ತದೆ ಬುಡಿ” ಎಂದು ಅವನು ಬೈಕ್ ಒದ್ದುಕೊಂಡು ಹೋದ.

ಕಸದ ಬುಟ್ಟಿಯಿಂದ ಎತ್ತಿದ್ದು! ಐದು ಸಾವಿರ ತೆಗೆದ ಯಾರದೋ ಚೀಟಿಯನ್ನು ಹುಡುಕಿ ತಂದಿದ್ದ. ಕಳ್ಳರ ಕೈಗೆ ಸಿಕ್ಕರೆ ಅಂತ ಹೆದರಿಸಿದವನೇ ಅದನ್ನು ಆಯ್ದಿದ್ದ. ನಾನು ಬಾಯಿಗೆ ಬಂದ ಹಾಗೆ ಬೈಯುತ್ತಿದ್ದೆ. ದೊಡ್ಡಮ್ಮ ಇನ್ನೂ ಚೀಟಿಯನ್ನೇ ನೋಡುತ್ತಿದ್ದರು.

“ಮುನ್ನೂರ್ ಹನ್ನೆರಡು ರೂಪಾಯ್ ಉಳ್ದದೆ ಅಮ್ಮಿ. ಯಾರೋ ಪಾಪ, ಇದ್ದದ್ನೆಲ್ಲಾ ಬಳ್ಕಂಡ್ ಓಗವ್ರೆ. ಆಸ್ಪತ್ರೆಗೋ, ಇಸ್ಕೂಲ್ ಫೀಸ್ಗೋ.”

ಹಾಗೆಂದವರೇ ಹಿತ್ತಲಿಗೆ ಹೋಗಿ ಚೀಟಿಯನ್ನು ಹಂಡೆ ಒಲೆಗೆ ಹಾಕಿಬಿಟ್ಟರು.

“ಅಯ್ಯೋ ದೊಡ್ಡಮ್ಮ! ಅದೇ ಅಲ್ವಾ ಸಾಕ್ಷಿ!”

“ಅವ್ರ ಕಷ್ಟ ನನ್ ಜಗಳಕ್ ಸಾಕ್ಷಿ ಆಗೋದ್ ಬ್ಯಾಡ. ನಾಳೀಕ್ ನರಸೀಪುರಕ್ ಓಗಾನ, ಬಾ.”

ಬಸ್ಸಿನಲ್ಲಿ ಇಬ್ಬರಿಗೂ ಕಿಟಕಿ ಪಕ್ಕದ ಸೀಟು ಸಿಕ್ಕಿತು. ಅಂಥ ಬಿಸಿಲಿನಲ್ಲಿ ಅದೂ ಒಂದು ಪುಣ್ಯವೇ. ಬ್ಯಾಂಕಿನಲ್ಲಿ ಕೌಂಟರಿನ ಹುಡುಗ ತಲೆ ಎತ್ತದೆ, “ಅಜ್ಜಿ, ಮನೇಲಿ ದೊಡ್ಡೋರು ಯಾರಾದ್ರೂ ಇದ್ರೆ ಕಳ್ಸಿ” ಅಂದ.

“ಮನೇಲಿ ನಾನೇ ದೊಡ್ಡೋಳು.”

“ಸರಿ, ಏನಾಗ್ಬೇಕಿತ್ತು? ಚೀಟಿ ಬರ್ತಿಲ್ಲ ಅಂತ ಇಷ್ಟ್ ದೂರ ಬಂದ್ರಾ? ಈಗ ಯಾರಮ್ಮ ಚೀಟಿ ಇಟ್ಕೋತಾರೆ? ಎಲ್ಲಾ ಮೊಬೈಲ್‌ಗೇ ಮೆಸೇಜ್ ಬರುತ್ತಲ್ಲ.”

“ಯಾರ್ ಮೊಬೈಲ್‌ಗೆ?”

ಹುಡುಗ ಈಗ ತಲೆ ಎತ್ತಿದ. ಪಕ್ಕದ ಕೌಂಟರಿನಲ್ಲಿದ್ದ ಹೆಣ್ಣುಮಗಳು ಎದ್ದು ಬಂದು ಕಂಪ್ಯೂಟರ್ ನೋಡಿ ಖಾತೆಯಲ್ಲಿದ್ದ ನಂಬರ್ ಓದಿದಳು. ತಮ್ಮನ ಮಗನದು. ಖಾತೆಗೆ ಫೋನ್ ನಂಬರ್ ಸೇರಿಸಬೇಕಾದಾಗ ಅವನೇ ಫಾರಂ ತುಂಬಿದ್ದನಂತೆ. ಅವಳು ಪಾಸ್‌ಬುಕ್ ಇಸಿದುಕೊಂಡು ಎಂಟ್ರಿ ಹಾಕಿಸಿಕೊಟ್ಟಳು. ಆ ತಾಯಿ ಚೆನ್ನಾಗಿರಲಿ. ತಿಂಗಳು ತಿಂಗಳೂ ಹೋದದ್ದು ಐದಲ್ಲ, ಎಂಟು ಸಾವಿರ. ದೊಡ್ಡಮ್ಮ ಪ್ರತಿ ಎಂಟು ಸಾವಿರದ ಕೆಳಗೂ ಉಗುರು ಗೀರಿದರು. ಪಾಸ್‌ಬುಕ್ಕಿನ ಕಾಗದದಲ್ಲಿ ಗೆರೆ ಕಪ್ಪಾಗಲಿಲ್ಲ. ಬರಿಯ ತಗ್ಗು ಬಿತ್ತು.

ಹಳೆಯ ಕಾರ್ಡು ನಿಲ್ಲಿಸಿ, ಹೊಸದಕ್ಕೆ ಬರೆದುಕೊಟ್ಟು, ಖಾತೆಗೆ ದೊಡ್ಡಮ್ಮನದೇ ಫೋನ್ ನಂಬರ್ ಹಾಕಿಸಿ, ಹೊಳೆ ಸಂಗಮದ ಮೆಟ್ಟಿಲಿಗೆ ಬಂದು ಕೂತೆವು. ದೊಡ್ಡಮ್ಮ ಮುಖ ತೊಳೆದುಕೊಂಡರು. ಅಳುತ್ತಾರೇನೋ ಎಂದುಕೊಂಡೆ. ಅಳಲಿಲ್ಲ. ಮೂಗಿನ ಹೊಳ್ಳೆ ಅದುರುತ್ತಿತ್ತು.

“ದುಡ್ ಓದ್ರೆ ಓಗ್ಲಿ ಅಮ್ಮಿ. ಯಾರ್ದೋ ಚೀಟಿ ತಂದ್ ನನ್ ಕೈಗ್ ಮಡುಗ್ದನಲ್ಲ! ಮುದ್ಕಿ, ಒಂದ್ ಕಾಗ್ದ ಅಂತ ಇದ್ರೆ ಸಾಕು, ಸುಮ್ಕಾಯ್ತಾಳೆ ಅನ್ಕಂಡ್ನಲ್ಲ!”

ಅಂದು ಸಂಜೆ ಮನೆಯವರೆಲ್ಲ ಇದ್ದಾಗ ಪಾಸ್‌ಬುಕ್ಕನ್ನು ಅವನ ಮುಂದೆ ಹಿಡಿದರು. “ನೀನೇ ಓದಪ್ಪ. ನಂಗ್ ಕಣ್ ಕಾಣಕಿಲ್ವಲ್ಲ.” ಅವನು ಓದಲಿಲ್ಲ. ದೊಡ್ಡಮ್ಮನ ತಮ್ಮ ತಲೆ ಬಗ್ಗಿಸಿದರು. ತಮ್ಮನ ಹೆಂಡತಿ ಮಾತ್ರ, “ಪಕ್ಕದ್ಮನೆಯೋರ್ ಮಾತ್ ಕೇಳ್ಕಂಡು ಮನೆ ಮಗನ್ನ ಕಳ್ಳ ಮಾಡುದ್ರಿ” ಎಂದರು. ಕದ್ದವನಿಗೆ ಒಂದು ಮಾತಿಲ್ಲ, ಕೇಳಿದವರ ಮೇಲೆ ಸಿಟ್ಟು! ನಮ್ಮ ಮನೆಯವರೂ ನನಗೇ ಬೈದರು, ಊರವರ ಉಸಾಬರಿ ನಿನಗೇಕೆ ಎಂದು. ದೊಡ್ಡಮ್ಮ ಅದೇ ಮನೆಯಲ್ಲಿ, ಅದೇ ಜಗಲಿಯಲ್ಲಿ, ಮೊದಲಿನ ಹಾಗೇ ಖರ್ಚಿಗೆ ಕೊಟ್ಟುಕೊಂಡು ಬಾಳಿದರು. ಹೊಸ ಕಾರ್ಡಿನ ಪಿನ್ ನಂಬರನ್ನು ಯಾರಿಗೂ ಹೇಳಲಿಲ್ಲ. ನಾನು ಮತ್ತೆ ತಿಂಗಳು ತಿಂಗಳೂ ಗೋಡೆ ನೋಡುತ್ತಾ ನಿಂತೆ.

ಕಳೆದ ಕಾರ್ತಿಕದಲ್ಲಿ ಜ್ವರವೆಂದು ಮಲಗಿದವರು ಏಳಲಿಲ್ಲ. ನರಳಲಿಲ್ಲ, ಯಾರ ಕೈಲೂ ಮಾಡಿಸಿಕೊಳ್ಳಲಿಲ್ಲ. ನಂಜುಂಡೇಶ್ವರ ಅಷ್ಟು ಕರುಣೆ ತೋರಿಸಿದ.

ತಿಥಿಯ ಊಟ ಮುಗಿದು ಎಲೆ ತೆಗೆಯುತ್ತಿದ್ದೆವು. ತಮ್ಮನ ಮಗ ಎಲ್ಲರ ಎದುರಿಗೆ ಕೇಳಿದ:

“ಅಕ್ಕ, ಅತ್ತೆ ಪಿನ್ ನಂಬ್ರ ನಿಮ್ಗ್ ಹೇಳಿರ್ಬೇಕಲ್ಲ? ತಿಂಗ್ಳು ತಿಂಗ್ಳೂ ಜೊತೇಲಿ ಓಗ್ತಿದ್ದೋರು ನೀವು. ಏನ್ ತೆಗುದ್ರು, ಏನ್ ಉಳೀತು, ಎಲ್ಲಾ ನಿಮ್ಗೇ ಗೊತ್ತು.”

ಆ ‘ಎಲ್ಲಾ’ ಎನ್ನುವುದನ್ನು ಅವನು ಎಳೆದ ರೀತಿ ನೋಡಬೇಕಿತ್ತು. ನೆಂಟರೆಲ್ಲ ನನ್ನ ಕಡೆ ತಿರುಗಿದರು. ನಮ್ಮ ಮನೆಯವರೂ ಹೆಗಲ ಮೇಲಿನ ಟವೆಲ್ ಸರಿಮಾಡಿಕೊಳ್ಳುತ್ತಾ ನನ್ನನ್ನೇ ನೋಡಿದರು. ಆಗ ದೊಡ್ಡಮ್ಮನ ಮಾತು ನೆನಪಾಯಿತು. ಯಾರೂ ನಿನ್ನ ಮೇಲೆ ಬೊಟ್ಟು ಮಾಡಬಾರದು.

ಎಂಜಲು ಎಲೆ ಕೆಳಗಿಟ್ಟು ಕೈ ತೊಳೆದುಕೊಂಡು ಬಂದೆ. “ನಂಜುಂಡೇಶ್ವರನಾಣೆ, ನಂಗೊತ್ತಿಲ್ಲ. ಅವ್ರು ನಂಬರ್ ಒತ್ತೋವಾಗ ಒಂದಿನಾನೂ ನಾನು ಆ ಕಡೆ ಮುಖ ಹಾಕಿಲ್ಲ” ಎಂದೆ. ನಾನು ಆಣೆ ಇಡುವವಳಲ್ಲ, ಅದು ಬೀದಿಗೆಲ್ಲ ಗೊತ್ತು. “ಇನ್ನು ಏನ್ ಉಳೀತು ಅನ್ನೋದು. ವಿಭೂತಿ ಡಬ್ಬಿ ತರ್ಸಿ.”

ತಮ್ಮನೇ ಎದ್ದು ಹೋಗಿ ತಂದರು. ವಿಭೂತಿ ಗಟ್ಟಿಯ ಕೆಳಗೆ ಒಂದೇ ಚೀಟಿ. ಕತ್ತಲಲ್ಲಿದ್ದುದರಿಂದ ಅಕ್ಷರ ಒಂದೂ ಮಾಸಿರಲಿಲ್ಲ. ಮಲಗುವ ಮುಂಚಿನ ವಾರ ಇಬ್ಬರೂ ಹೋಗಿ ತೆಗೆದದ್ದು. ಉಳಿದ ಮೊತ್ತದ ಕೆಳಗೆ ಸೀಳುಗುರಿನ ಜೋಡಿ ಗೆರೆ. “ಇದ್ರಲ್ಲಿರೋದೂ ಬ್ಯಾಂಕಲ್ಲಿರೋದೂ ತಾಳೆ ಆಗ್ದಿದ್ರೆ ಬಂದ್ ನನ್ ಕೇಳಪ್ಪ” ಎಂದೆ. ತಮ್ಮ ಮರುವಾರವೇ ನರಸೀಪುರಕ್ಕೆ ಹೋಗಿ ಬಂದರು. ಬಂದವರು ಕಾಂಪೌಂಡ್ ಗೋಡೆಯ ಹತ್ತಿರ ನಿಂತು, “ಸರಿಯಾಗದೆ ಕಣವ್ವ” ಎಂದರು. ಮಗ ಮಾತ್ರ ಇವತ್ತಿನವರೆಗೆ ಬಂದು ತಪ್ಪಾಯಿತು ಅಂದಿಲ್ಲ. ದೊಡ್ಡಮ್ಮನ ಫೋಟೋಗೆ ದಿನಾ ಊದುಬತ್ತಿ ಹಚ್ಚುತ್ತಾನಂತೆ. ಹಚ್ಚಲಿ.

ಸರ್ಕಾರ ಹೆಂಗಸರ ಖಾತೆಗೆ ಹಾಕುವ ದುಡ್ಡು ಈಗ ನನ್ನದೇ ಖಾತೆಗೆ ಬರುತ್ತದೆ. ಕಾರ್ಡು ನನ್ನ ಹತ್ತಿರವೇ ಇದೆ. ಮೊನ್ನೆ ನಮ್ಮ ಮನೆಯವರು ಜೊತೆಗೆ ಬಂದಿದ್ದರು. ಕಾರ್ಡು ತೂರಿಸಿ, “ರೀ, ಆ ಕಡೆ ತಿರುಗಿ ನಿಂತ್ಕೊಳ್ಳಿ” ಎಂದೆ.

“ಯಾಕೇ, ನಾನ್ ಕಳ್ಳನಾ?”

“ಅಲ್ಲ ಅಂತ ನಾಳೆ ನಾನು ಆಣೆ ಇಡೋ ಹಂಗಿರ್ಬೇಕಲ್ಲ.”

ಗೊಣಗಿಕೊಂಡೇ ತಿರುಗಿದರು. ಚೀಟಿ ಬಂತು. ಉಳಿದದ್ದರ ಕೆಳಗೆ ಹೆಬ್ಬೆರಳು ಗೀರಿದೆ. ನನ್ನ ಉಗುರು ಸೀಳಿಲ್ಲ. ಒಂದೇ ಗೆರೆ ಬಿತ್ತು.