ಕೊನೆಯ ಪುಟದ ಕುರಿಮರಿ

ಹಿತಕಿದ ಅವರೆಬೇಳೆಯ ಸಾರು ಉಣ್ಣುವವರಿಗೆ ಸ್ವರ್ಗ, ಹಿತಕುವವಳಿಗೆ ತಪಸ್ಸು. ನೆನೆದ ಕಾಳನ್ನು ಬೆರಳಲ್ಲಿ ಒತ್ತಿದರೆ ಬೇಳೆ ಬಟ್ಟಲು ಬಿಟ್ಟು ನನ್ನ ಕನ್ನಡಕಕ್ಕೇ ಹಾರುವುದು ನನ್ನ ಇಷ್ಟು ವರ್ಷದ ಸಾಧನೆ. ಮೊನ್ನೆ ಆ ತಪಸ್ಸಿಗೆ ಭಂಗ ತಂದದ್ದು ಮಗಳ ಫೋನು. ಮದ್ದೂರಿನಲ್ಲಿ ಮಕ್ಕಳಿಗೆ ಚಿತ್ರಕಲೆ ಕಲಿಸುವ ರಶ್ಮಿ, ನಮ್ಮತ್ತೆ ರಾಗಿ ಬೀಸುತ್ತ ಹಾಡುತ್ತಿದ್ದ ಕುರಿಮರಿಯ ಪದಕ್ಕೆ ಚಿತ್ರ ಬರೆದು ಪುಸ್ತಕ ಮಾಡಿದ್ದಾಳೆ. ಅವಳ ಮೊದಲ ಪುಸ್ತಕ. ಅಚ್ಚಿಗೆ ಹೋಗುವ ಹೊತ್ತಿಗೆ ಪ್ರಕಾಶಕರು, ಕೊನೆಗೆ ತೋಳ ಮರಿಯನ್ನು ತಿಂದರೆ ಮಕ್ಕಳು ಅಳುತ್ತವೆ, ಬದುಕಿಸಿ ಎಂದರಂತೆ. ಅಜ್ಜಿ ಒಪ್ಪದಿದ್ದರೆ ಪುಸ್ತಕವೇ ಬೇಡವೆಂದು ಇವಳ ಹಟ.

ನಮ್ಮ ಬೆಸಗರಹಳ್ಳಿಯಲ್ಲಿ ಆಗ ಸಿಗ್ನಲ್ ಇದ್ದದ್ದು ದೇವರ ದಯೆ; ಅತ್ತೆಗೆ ಅಂದು ಕಿವಿ ಚೆನ್ನಾಗಿ ಕೇಳುತ್ತಿದ್ದದ್ದು ಇನ್ನೊಂದು. ಫೋನನ್ನು ಅವರ ಮುಂದಿಟ್ಟೆ.

“ಸತ್ತ ಮರಿನ ಬದುಕ್ಸಕೆ ನೀನೇನವ್ವ ಮಾದಪ್ಪನಾ?”

“ಮಕ್ಳು ಎದ್ರುಕೊತವೆ ಕಣಜ್ಜಿ.”

“ನೀನೇನ್ ಎದ್ರುಕೊಂಡ್ಯಾ? ಅತ್ತುಬುಟ್ಟು, ಎದ್ದು ಮುದ್ದೆ ಉಂಡೆ.”

ಸಂಧಾನವೇ ಗೃಹಿಣೀಧರ್ಮವೆಂದು ನಂಬಿದ ನಾನು, ತೋಳಕ್ಕೆ ಅವರೆಬೇಳೆ ಸಾರು ಬಡಿಸಿ ಕಳಿಸಿದರಾಗದೇ ಎಂದೆ. ಅಜ್ಜಿ ಮೊಮ್ಮಗಳು ಒಂದಾಗಿ ನನ್ನನ್ನು ಗದರಿದರು. ಆ ಒಗ್ಗಟ್ಟೂ ಒಂದು ಪುಣ್ಯವೇ. ನಗುವನ್ನು ಸೆರಗಿನಲ್ಲಿ ಮುಚ್ಚಿಕೊಂಡು, ಹುಡುಗಿಯ ದುಡಿಮೆ ದಡ ಸೇರಲೆಂದು ಒಳಗೇ ಬೇಡಿಕೊಂಡೆ.

ಅತ್ತೆ ತುಸು ತಗ್ಗಿದ ದನಿಯಲ್ಲಿ ಕೇಳಿದರು: “ಪದ ಅಲ್ಲಿಗೆ ಬಂದಾಗ ನಾವೇನ್ ಮಾಡ್ತಿದ್ದೋ, ಗ್ಯಾನ ಇದ್ಯಾ?”

ಇತ್ತು, ನನಗೂ. ಮರಿ ಸಾಯುವ ಸಾಲನ್ನು ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಹಾಡಿದವರಲ್ಲ. ಅಲ್ಲಿಗೆ ಬೀಸುವ ಕಲ್ಲು ನಿಲ್ಲುತ್ತಿತ್ತು. ಒಂದು ಹಿಡಿ ರಾಗಿಯನ್ನು ಮರಿಯ ಪಾಲೆಂದು ಪಕ್ಕಕ್ಕಿಟ್ಟು, ತಾಯಿಕುರಿ ಒಂಟಿಯಾಗಿ ಮನೆಗೆ ನಡೆಯುವ ಸಾಲಿನಿಂದ ಮತ್ತೆ ಹಾಡುತ್ತಿದ್ದರು.

“ತೋಳನೂ ಬ್ಯಾಡ, ಮರಿನೂ ಬ್ಯಾಡ. ಆ ಇಡಿ ರಾಗಿ ಬರಿ.”

“ಮರಿ ಎಲ್ಲೋಯ್ತು ಅಂತ ಮಕ್ಳು ಕೇಳಿದ್ರೆ?”

“ಕೇಳ್ಲಿ ಬುಡು. ಅವ್ರವ್ವದೀರು ಮಡಿಲಲ್ಲಿ ಕೂರಿಸ್ಕೊಂಡು ಯೋಳ್ತಾರೆ.”

ಮಕ್ಕಳ ಕಣ್ಣೀರಿಗೆ ಹೆದರುವವರು ಮಕ್ಕಳಲ್ಲ, ನಾವು. ಅಳು ಬಂದಾಗ ಪಕ್ಕದಲ್ಲೊಂದು ಮಡಿಲಿದ್ದರೆ ಅಷ್ಟರಮಟ್ಟಿಗೆ ಲೋಕ ಕ್ಷೇಮವೇ.

ಸಂಜೆ ಚಿತ್ರ ಬಂತು: ನಿಂತ ಬೀಸುವ ಕಲ್ಲು, ಬರಿನೆಲ, ಪುಟ್ಟ ರಾಗಿಯ ಗುಡ್ಡೆ. ಪ್ರಕಾಶಕರೂ ಒಪ್ಪಿದರೆಂದು ಕೆಳಗೆ ಬರೆದಿದ್ದಳು. ಅತ್ತೆ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದು ಬಹಳ ಹೊತ್ತು ನೋಡಿದರು.

“ಚೆಂದಾಗದೆ. ರಾಗಿ ಸಾಲ್ದು, ಇನ್ನೊಸಿ ಆಕು ಅನ್ನು. ಬೆಳೆಯೋ ಮರಿ ಅದು.”

ಅದನ್ನು ಹಾಗೇ ಬರೆದು ಕಳಿಸಿ, ಕರೆಂಟು ಹೋಗುವುದರೊಳಗೆ ಸಾರಿಗೆ ಖಾರ ರುಬ್ಬಲು ಎದ್ದೆ.