ಸರಸಮ್ಮ ತೊಳೆದ ಸೊಪ್ಪು

ಅಕ್ಕೂರಿನ ಸರಸಮ್ಮನಿಗೆ ಕೊಳಕು ಕಂಡರೆ ಆಗುತ್ತಿರಲಿಲ್ಲ. ಮದುವೆಯಾಗಿ ಬಂದ ಮಾರನೆಯ ದಿನವೇ ಅತ್ತೆಯ ಮಸಿಪಾತ್ರೆಗಳನ್ನೆಲ್ಲ ಬೆಳಗಿಟ್ಟು, "ನಾನೇನು ಗಲೀಜೇನೇ?" ಅಂತ ಬೈಸಿಕೊಂಡವಳು, ಪಾಪ. ಅದಿರಲಿ. ರೇಷ್ಮೆಹುಳು ಸಾಕುವುದರಲ್ಲಿ ಮಾತ್ರ ಅವಳನ್ನು ಮೀರಿಸಿದವರಿರಲಿಲ್ಲ.

ತೋಟದ ಪಕ್ಕಕ್ಕೆ ಜಲ್ಲಿ ಕ್ರಷರ್ ಬಂತು. ಹಿಪ್ಪುನೇರಳೆ ಸೊಪ್ಪಿನ ಮೇಲೆ ದಿನವೂ ಬಿಳಿ ಧೂಳು. ಅದನ್ನು ತಿಂದ ಹುಳುಗಳು ಗೂಡು ಕಟ್ಟುವ ಮೊದಲೇ ಕಪ್ಪಗಾಗಿ ಸತ್ತವು. ಸೊಪ್ಪನ್ನು ಬಕೆಟ್ಟಿನಲ್ಲಿ ಅದ್ದಿ, ಹಳೇ ಸೀರೆಯ ಮೇಲೆ ಆರಿಸಿ ಹಾಕಿದರೂ ಎರಡನೆಯ ಬೆಳೆಯ ಹುಳುಗಳೂ ಉಳಿಯಲಿಲ್ಲ. ಕ್ರಷರ್ ನಿಲ್ಲಿಸಿ ಅಂತ ಅರ್ಜಿ ಕೊಟ್ಟರೆ ತಾಲ್ಲೂಕು ಕಚೇರಿಯವರು ಧೂಳಿನಿಂದಲೇ ಹೀಗಾಯಿತೆನ್ನಲು ಪುರಾವೆ ಕೇಳಿದರು.

ಎರಡು ಸಾವಿರದ ಎಂಟರಲ್ಲಿ ಸೌಮ್ಯ ಎಂಬ ಸಂಶೋಧನೆಯ ಹುಡುಗಿ ಬಂದು, ತೋಟದಲ್ಲೊಂದು ಕಂಬ ನೆಟ್ಟು, ಕೆಳಗಿನ ಗಿಡಗಳನ್ನೇ ನೋಡುವ ಗಾಜಿನ ಕಣ್ಣು ಕಟ್ಟಿದಳು.

"ಎಲೆ ಬಿಸಿಲು ಕುಡಿದು ಗಾಳಿಯಿಂದ ಇಂಗಾಲ ಎಳ್ಕೊಳ್ಳುತ್ತಲ್ಲಮ್ಮಾ, ಆಗ ನಮಗೆ ಕಾಣದ ಒಂದು ಬೆಳಕು ಬಿಡುತ್ತೆ. ಎಲೆ ಸೊರಗಿದ್ರೆ ಆ ಬೆಳಕು ಕಮ್ಮಿ. ಇದು ಅದನ್ನ ಅಳೆಯುತ್ತೆ. ಆರು ತಿಂಗಳು ನೋಡಿ ವರದಿ ಕೊಡ್ತೀವಿ."

"ಹಂಗಾರೆ ಕ್ರಷರ್ ನಿಲ್ಲುಸ್ತಾರಾ ಮಗಾ?"

"ಎಲೆ ಸೊರಗಿದ್ದು ವರದೀಲಿ ಕಂಡ್ರೆ ಕಚೇರಿಯೋರು ಇಲ್ಲ ಅನ್ನೋಕಾಗಲ್ಲ."

ಗಂಡ ದಾಸಪ್ಪ ನಕ್ಕ. "ಮನುಷ್ರು ನೋಡಿದ್ದ ನಂಬ್ನಿಲ್ಲ, ಕಂಬ ನೋಡಿದ್ರೆ ನಂಬ್ತಾರಂತೆ ಕಣಮ್ಮಿ!"

ಆರು ತಿಂಗಳಾದ ಮೇಲೆ ಸೌಮ್ಯ ಕಂಬದ ಪೆಟ್ಟಿಗೆ ಬಿಚ್ಚಿ, ಲ್ಯಾಪ್‌ಟಾಪಿನಲ್ಲಿ ನೋಡಿ ಹುಬ್ಬು ಗಂಟಿಕ್ಕಿದಳು.

"ಗಾಳಿ ತುಂಬ ಧೂಳಿದೆ. ಎಲೆ ಮಾತ್ರ ಚೆನ್ನಾಗಿದೆ ಅಂತ ಬಂದಿದೆಯಲ್ಲಮ್ಮಾ, ಹೇಗೆ?"

ಸರಸಮ್ಮನ ಮುಖ ಅರಳಿತು. "ಇಲ್ದೆ ಇನ್ನೇನು? ಅಷ್ಟು ದೂರದಿಂದ ನೋಡಕ್ ಬಂದೋರ್ಗೆ ಗಲೀಜು ಗಿಡ ತೋರ್ಸಾಕಾಯ್ತದಾ? ಕಂಬದ ಕೆಳಗಿನ್ವ ದಿನಾ ಬೆಳಿಗ್ಗೆ ಪೈಪ್ ಹಿಡ್ದು ತೊಳೀತಿದ್ದೆ ಕಣವ್ವ."

ದಾಸಪ್ಪ ತಲೆಯ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ. "ಏನ್ ಕೆಲ್ಸ ಮಾಡ್ಬುಟ್ಟೆಮ್ಮಿ..."

ಆಗ ಸರಸಮ್ಮನಿಗೆ ಗೊತ್ತಾಯಿತು. "ಇನ್ನಾರು ತಿಂಗ್ಳು ಇಲ್ಲೇ ಬುಡವ್ವ. ಮುಟ್ಟಾಕಿಲ್ಲ, ದೇವ್ರಾಣೆ."

"ನಾಳೆ ಇದು ಬೇರೆ ಜಿಲ್ಲೆಗೆ ಹೋಗ್ಬೇಕಮ್ಮಾ. ತೊಳೆದಿದ್ರು ಅಂತ ಬರೀತೀನಿ. ಬರೀದಿದ್ರೆ ಧೂಳಿನಿಂದ ಏನೂ ಆಗಿಲ್ಲ ಅಂತಾರೆ, ಬರೆದ್ರೆ ಈ ಅಳತೆ ಯಾತಕ್ಕೂ ಬರಲ್ಲ."

ಕಂಬ ಕಿತ್ತ ಗುಂಡಿಯ ಸುತ್ತಲಿನ ಗಿಡಗಳನ್ನು ಸರಸಮ್ಮ ಆಮೇಲೆ ತೊಳೆಯಲಿಲ್ಲ. ವಾರದೊಳಗೆ ಅವೂ ಬೆಳ್ಳಗಾದವು. ಮುಂದಿನ ಬೆಳೆಯ ಹುಳುಗಳೂ ಹೋದವು. ಬೇಸಿಗೆಗೆ ಮೊದಲೇ ದಾಸಪ್ಪ ತೋಟ ಕಿತ್ತುಹಾಕಿದ. ಸರಸಮ್ಮ ಹುಳುವಿನ ಖಾಲಿ ತಟ್ಟೆಗಳನ್ನು ಒಂದೊಂದಾಗಿ ತೊಳೆದು, ಆರಿಸಿ, ಅಟ್ಟಕ್ಕೆ ಹಾಕಿದಳು.