ಸೂರಿಲ್ಲದ ಬಚ್ಚಲಿನಲ್ಲಿ ಸಂಕಷ್ಟಿ

ಆಫ್ರಿಕಾದ ಟೆಂಟ್ ಕ್ಯಾಂಪಿಗೆ ಹೋಗುವವರಿಗೆ ನನ್ನದೊಂದು ಸಲಹೆ: ದರ ಇಳಿಸಿ ಎಂದು ಗೋಗರೆಯಬೇಡಿ, ಏನಾದರೊಂದು ಕೊರತೆ ಹುಡುಕಿ ಹಿಡಿಯಿರಿ. ಅಮೆರಿಕದ ಸುವಾನಿಯ ನಮ್ಮ ಅಡುಗೆಮನೆಯಲ್ಲಿ ಕೂತು ಬೋಟ್ಸ್ವಾನಾದ ಫೋಟೊಗಳನ್ನು ಹಿಗ್ಗಿಸಿ ನೋಡುವಾಗ ನನ್ನ ಕಣ್ಣಿಗೆ ಬಿದ್ದದ್ದು ಕೊನೆಯ ಟೆಂಟಿನ ಬಚ್ಚಲು. ಟೆಂಟಿನ ಹಿಂಬದಿಗೆ ಎದೆಯೆತ್ತರದ ಜೊಂಡಿನ ತಟ್ಟಿ, ಮೇಲೆ ಬರೀ ಆಕಾಶ.

"ಅದೇ ನಮ್ಮ ಸ್ಪೆಶಲ್," ಎಂದ ಫೋನಿನಲ್ಲಿದ್ದ ಟ್ರಾವೆಲ್ ಏಜೆಂಟ್.

"ಸೂರೇ ಇಲ್ಲದ್ದನ್ನ ಬಾತ್‌ರೂಮ್ ಅಂತ ಹೇಗೆ ಮಾರ್ತೀರಿ?" ಎಂದೆ. ದರ ಇಳಿಯಿತು.

ಆ ಚೌಕಾಸಿಯ ಉತ್ಸಾಹದಲ್ಲಿ ಪಂಚಾಂಗ ನೋಡುವುದು ಮರೆತೇಹೋಯಿತು. ಕ್ಯಾಂಪಿನ ಎರಡನೆಯ ದಿನವೇ ಸಂಕಷ್ಟಿ. ಮೈಸೂರಿನಿಂದ ಬಂದು ನಮ್ಮ ಜೊತೆ ಹೊರಟಿದ್ದ ಅತ್ತೆ ಬೆಳಗಿನಿಂದ ಉಪವಾಸ. ಚಂದ್ರನನ್ನು ನೋಡಿ ಅರ್ಘ್ಯ ಬಿಟ್ಟ ಮೇಲೇ ಊಟ. ಟೆಂಟಿನಲ್ಲಿ ತಿಂಡಿಯಿದ್ದರೆ ಕೋತಿಗಳು ನುಗ್ಗುತ್ತವೆಂದು ನಮ್ಮ ಚಕ್ಕುಲಿ ಡಬ್ಬಿಯನ್ನು ಕ್ಯಾಂಪಿನವರು ಮೊದಲೇ ಇಸಕೊಂಡಿದ್ದರು. ಊಟದ ಚಪ್ಪರ ದೂರ. ಕತ್ತಲಾದ ಮೇಲೆ ಕಾವಲುಗಾರ ಬಂದು ಕರೆದೊಯ್ಯದೆ ಹೊರಗೆ ಕಾಲಿಡುವಂತಿಲ್ಲ.

ಅವನು ಬರುವ ಹೊತ್ತಿಗೆ ಸರಿಯಾಗಿ ನಮ್ಮ ಬಾಗಿಲೆದುರು ಆನೆಯೊಂದು ಬಂದು ನಿಂತು ಕೊಂಬೆ ಮುರಿಯತೊಡಗಿತು. ಕಾವಲುಗಾರ ದೂರದಿಂದಲೇ ಟಾರ್ಚ್ ಆಡಿಸಿ, ಒಳಗೇ ಇರಿ ಎಂದು ಕೂಗಿದ.

ಅತ್ತೆ ಜಾಲರಿಯ ಕಿಟಕಿಯಿಂದ ಕೈ ಮುಗಿದರು. "ಸಂಕಷ್ಟಿ ದಿನ ಅವನೇ ಬಂದಿದ್ದಾನೆ ಕಣೇ!"

ಅರ್ಧ ಗಂಟೆಯಾಯಿತು. "ಬಂದಿದ್ದೇನೋ ಸರಿ. ಸ್ವಲ್ಪ ದಾರಿ ಬಿಡಬಾರ್ದಾ?"

"ಅಜ್ಜಿ, ಹೀ ಈಸ್ ಜಸ್ಟ್ ಹ್ಯಾವಿಂಗ್ ಡಿನ್ನರ್," ಎಂದಳು ನನ್ನ ಮಗಳು.

"ಅವನ್ದು ಆಗ್ತಾ ಇದೆಯಮ್ಮ, ನಂದು?"

ನಾನು ಹಿಂದಿನ ಪರದೆ ಸರಿಸಿದೆ. ಬಚ್ಚಲ ತಟ್ಟಿಯ ಮೇಲೆ ಚಂದ್ರ ಹಿತ್ತಾಳೆ ತಟ್ಟೆಯ ಹಾಗೆ ಎದ್ದಿದ್ದ.

"ಅತ್ತೆ, ಬನ್ನಿ ಇಲ್ಲಿ. ಎಷ್ಟು ಚೆನ್ನಾಗಿ ಕಾಣ್ತಾನೆ!"

"ಬಚ್ಚಲಲ್ಲಿ ನಿಂತು ಅರ್ಘ್ಯ ಬಿಡೋದಾ? ತಲೆ ಕೆಟ್ಟಿದ್ಯಾ ನಿಂಗೆ?"

"ಇದನ್ನ ಬಚ್ಚಲು ಅಂತ ಯಾರು ಹೇಳಿದ್ರು? ಸೂರೆಲ್ಲಿದೆ, ತೋರಿಸಿ. ಸೂರಿಲ್ಲ ಅಂದ್ಮೇಲೆ ಇದು ಅಂಗಳ."

"ಮತ್ತೆ ಆ ಕಮೋಡು?"

ಕೊಳ್ಳದವರು ಎದ್ದು ಹೋಗುತ್ತಾರೆ. ಪ್ರಶ್ನೆ ಕೇಳುತ್ತಿದ್ದಾರೆಂದರೆ ವ್ಯಾಪಾರ ಕುದುರಿತೆಂದೇ ತಿಳಿಯಿರಿ. ಕಮೋಡಿಗೆ ಬೆಡ್‌ಶೀಟ್ ಹೊದಿಸಿದೆ, ಶವರಿಗೆ ಟವೆಲ್ ಸುತ್ತಿದೆ. ಅತ್ತೆ ನೆಲಕ್ಕೆಲ್ಲ ನೀರು ಚಿಮುಕಿಸಿ, ನನ್ನನ್ನೊಮ್ಮೆ ದುರುಗುಟ್ಟಿ ನೋಡಿ, ಅರ್ಘ್ಯ ಬಿಟ್ಟರು.

ಆನೆ ಮಾತ್ರ ಮರ ಅರ್ಧ ಬೋಳಾಗುವವರೆಗೂ ಕದಲಲಿಲ್ಲ. ಕೊನೆಗೂ ಚಪ್ಪರ ತಲುಪಿದಾಗ ಅತ್ತೆ ಎರಡು ಸಲ ಅನ್ನ ಬಡಿಸಿಕೊಂಡರು. ನಾನು ಸದ್ಯ ಬದುಕಿದೆ ಎಂದುಕೊಂಡೆ.

ಸುವಾನಿಗೆ ಮರಳಿದ ಮೇಲೆ, ವಾಪಸು ಸಿಕ್ಕ ಚಕ್ಕುಲಿ ಡಬ್ಬಿ ಮುಂದಿಟ್ಟುಕೊಂಡು ಅತ್ತೆ ಮೈಸೂರಿನ ತಂಗಿಗೆ ಫೋನ್ ಮಾಡಿದರು. "ಟೆಂಟ್ ಹಿಂದೆ ಎಂಥ ಅಂಗಳ ಅಂತೀಯ! ಚಂದ್ರ ಕೈಗೇ ಸಿಗೋ ಹಾಗಿದ್ದ."

"ಬಟ್ ಅಜ್ಜಿ, ದಟ್ ವಾಸ್ ದ..." ಎಂದು ಮಗಳು ಬಾಯಿ ತೆರೆದಳು.

ಆ ಬಾಯಿಗೆ ನಾನೊಂದು ಚಕ್ಕುಲಿ ಇಟ್ಟೆ.